ಹದಿಮೂರೂವರೆ

ಹನ್ನೊಂದನೆಯ ವಯಸ್ಸಿನಲ್ಲಿ, ಸತ್ತ ಎಂಜಿನ್ನೊಂದರ ಮೇಲೆ ಅಂಗೈ ಇಟ್ಟು ಅವಳು ಅಪ್ಪನಿಗೆ ಮಾತು ಕೊಟ್ಟಿದ್ದಳು: ಯಾರ ಹತ್ತಿರ ಯಾವ ಸುಳ್ಳು ಹೇಳಿದರೂ ಎಂಜಿನ್ ವಿಷಯದಲ್ಲಿ ಮಾತ್ರ ಸುಳ್ಳು ಹೇಳುವುದಿಲ್ಲ. ಅದರ ಹಿಂದಿನ ದಿನ ಮೇಷ್ಟರೊಬ್ಬರ ಕಾರಿನ ಆಯಿಲ್ ಬದಲಾಯಿಸುವಾಗ, ಕೆಳಗಿನ ಬೋಲ್ಟ್ ಬಿಗಿ ಮಾಡಿದೆಯಾ ಎಂದು ಅಪ್ಪ ಕೇಳಿದ್ದ. ಆಟಕ್ಕೆ ಓಡುವ ಅವಸರದಲ್ಲಿ ಅವಳು ಹೂಂ ಅಂದಿದ್ದಳು. ಬರಿಗೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಟ್ಟಿದ್ದ ಬೋಲ್ಟ್ ಅದು. ಕಾರು ದಾರಿಯುದ್ದಕ್ಕೂ ಆಯಿಲ್ ಸುರಿಸಿಕೊಂಡು ಹೋಗಿ ನಡುರಸ್ತೆಯಲ್ಲಿ ಕಚ್ಚಿಕೊಂಡು ನಿಂತಿತು. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಳು, ಬಾಸುಂಡೆ, ಅಮ್ಮನ ಕೊಬ್ಬರಿ ಎಣ್ಣೆ ಎಲ್ಲ ಸೇರಿ ಎರಡು ದಿನದಲ್ಲಿ ಮುಗಿದುಹೋಗುತ್ತಿತ್ತು. ಅವನು ಅವಳ ಕೈ ಹಿಡಿದು, ತಣ್ಣಗಾಗಿದ್ದ ಆ ಕಬ್ಬಿಣದ ಮೇಲೆ ಒತ್ತಿ, ‘ಹೇಳು’ ಅಂದ. ಅವಳು ಹೇಳಿದಳು. ಮೇಷ್ಟರು ಪಕ್ಕದಲ್ಲೇ ನಿಂತಿದ್ದರು. ಅವರು ನಕ್ಕರೋ ಇಲ್ಲವೋ ಅವಳಿಗೆ ನೆನಪಿಲ್ಲ. ನಕ್ಕರು ಎಂದೇ ಇಟ್ಟುಕೊಂಡು ಮೂವತ್ತೆರಡು ವರ್ಷ ಅವರನ್ನು ದ್ವೇಷಿಸಿದ್ದಳು.

ಇವತ್ತು ಅಪ್ಪನ ಕಾರು ಅವಳ ವರ್ಕ್‌ಶಾಪಿನ ಗೇಟು ದಾಟುವ ಮೊದಲೇ ಸದ್ದಿನಿಂದ ಅವಳಿಗೆ ಗೊತ್ತಾಯಿತು. ಹಾಗೆ ಗೊತ್ತಾಯಿತಲ್ಲ ಎಂದು ಸಿಟ್ಟು ಬಂತು. ನೂರು ಗಾಡಿಗಳ ನಡುವೆ ಒಂದು ಗಾಡಿಯ ಕೆಮ್ಮು ಎದೆಗೆ ಬಂದು ತಾಗಬೇಕಾದರೆ, ಆ ಗಾಡಿ ಎಷ್ಟು ವರ್ಷ ತನ್ನ ಎದೆಯ ಮೇಲೆ ಓಡಾಡಿರಬೇಕು! ವೇಗ ಕೊಟ್ಟಾಗ ಒಂದು ಕ್ಷಣ ಉಸಿರು ಹಿಡಿಯುತ್ತಿತ್ತು, ಆಮೇಲೆ ಕಾರ್ಬುರೇಟರ್ ಒಳಗಿಂದ ಫಟ್ಟೆಂದು ಸೀನುತ್ತಿತ್ತು, ಮತ್ತೆ ಮುಗ್ಗರಿಸುತ್ತಿತ್ತು. ಹಸಿದಿದೆ, ಎಂದುಕೊಂಡಳು. ಅದು ಅಪ್ಪನ ಮಾತು. ಗಾಳಿಗೆ ಪೆಟ್ರೋಲ್ ಸಾಲದಿದ್ದರೆ ಅವನ ಬಾಯಲ್ಲಿ ಎಂಜಿನ್ನಿಗೆ ಹಸಿವು. ಪೆಟ್ರೋಲ್ ಹೆಚ್ಚಾಗಿ ಹೊಗೆಯುಗುಳಿದರೆ ಅಜೀರ್ಣ. ಈ ಎರಡು ಕಾಯಿಲೆ ಬಿಟ್ಟರೆ ಮೂರನೆಯದಿಲ್ಲ, ಮಿಕ್ಕದ್ದೆಲ್ಲ ಮೆಕ್ಯಾನಿಕ್ಕುಗಳ ಬಾಯಿಬಡುಕತನ ಅನ್ನುತ್ತಿದ್ದ. ಎಂಟು ವರ್ಷದಿಂದ ಅವಳು ಈ ದೊಡ್ಡ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ಎಂಜಿನ್ ಹದ ಮಾಡುತ್ತಿದ್ದಾಳೆ. ಪರದೆಯ ಮೇಲೆ ಗೆರೆ ಏರುತ್ತದೆ, ಇಳಿಯುತ್ತದೆ. ಮೂಗಿನ ಗೊಡವೆಯಿಲ್ಲ, ಕಿವಿಯ ಗೊಡವೆಯಿಲ್ಲ. ಆದರೂ ಮನಸ್ಸಿನೊಳಗೆ ಇನ್ನೂ ಹಸಿವು, ಅಜೀರ್ಣ.

‘ಮೀಟರಕ್ಕಾ, ನಿಮ್ಮಪ್ಪ ಬಂದ್ರು ನೋಡಿ. ಜತೆಗೆ ನಿಮ್ಮಜ್ಜೀನೂ ಬಂದಿದೆ,’ ಅಂದ ಪೇಂಟರ್, ಕಾರಿನ ಕಡೆ ಕೈ ತೋರಿಸಿ. ಎಲ್ಲರೂ ನಕ್ಕರು. ಅಪ್ಪ ಇಳಿದವನೇ ಅವಳ ಕಡೆ ನೋಡಲಿಲ್ಲ. ಸೀದಾ ಯಜಮಾನರ ಹತ್ತಿರ ಹೋಗಿ, ‘ನಿಮ್ಮಲ್ಲಿ ಹೊಗೆ ಅಳೆಯೋ ಮೀಟರ್ ಇದೆಯಂತಲ್ಲ ಸ್ವಾಮಿ’ ಎಂದು ಕೇಳಿದ. ತನ್ನ ಮಗಳು ಇಲ್ಲಿ ಕೆಲಸ ಮಾಡುವುದು ದಾರಿಹೋಕನೊಬ್ಬ ಹೇಳಿ ಗೊತ್ತಾದ ಹಾಗೆ! ಯಜಮಾನರು ಮುಗುಳ್ನಕ್ಕು ಅವಳನ್ನು ತೋರಿಸಿದರು. ಆಗ ಅವನು ತಿರುಗಿ, ‘ಓ, ನೀನೇನಾ ನೋಡೋಳು’ ಅಂದ.

ವಿಷಯ ಇಷ್ಟೇ. ಹಳೆಯ ಕಾರುಗಳೆಲ್ಲ ಹೊಗೆ ಪರೀಕ್ಷೆಯಲ್ಲಿ ಪಾಸಾಗಲು ಇವತ್ತು ಸಂಜೆ ನಾಲ್ಕು ಗಂಟೆ ಕೊನೆ. ಆಮೇಲೆ ರಸ್ತೆಗೆ ಇಳಿಸುವ ಹಾಗಿಲ್ಲ. ಅಪ್ಪನ ಕಾರು ಎರಡು ಸಲ ಫೇಲಾಗಿತ್ತು. ಎರಡು ಸಲವೂ ಯಾರಿಗೂ ಹೇಳದೆ ಮನೆಗೆ ತಂದು, ತನ್ನ ಸಣ್ಣ ಸ್ಕ್ರೂಡ್ರೈವರ್ ಹಿಡಿದು ತಾನೇ ತಿರುಗಿಸಿ ನೋಡಿದ್ದ. ಮೂರನೆಯ ಸಲಕ್ಕೆ ಇಲ್ಲಿಗೆ ಬಂದಿದ್ದಾನೆ. ಬಂದಿದ್ದಾನೆ ಅಂದರೆ ಬೇರೆ ದಾರಿ ಇಲ್ಲ.

‘ಪೆಟ್ರೋಲಿಗೆ ಸ್ಪಿರಿಟ್ ಬೆರೆಸಿ ಕೊಡ್ತಾರೆ ಈಗ,’ ಅಂದ ಅಪ್ಪ, ಸುತ್ತಲಿದ್ದವರಿಗೆಲ್ಲ ಕೇಳುವಂತೆ. ‘ಟ್ಯಾಂಕ್ ಮುಚ್ಚಳ ತೆಗೆದ್ರೆ ಕುಡುಕನ ಬಾಯಿ ವಾಸನೆ. ಕುಡಿಸಿ ಕುಡಿಸಿ ಇದರ ತಲೆ ಕೆಡಿಸಿದ್ದಾರೆ.’

‘ತಲೆ ಕೆಟ್ಟಿಲ್ಲ, ಹಸಿದಿದೆ,’ ಅಂದಳು. ‘ಈಗಿನ ಪೆಟ್ರೋಲಲ್ಲಿ ಐದರಲ್ಲಿ ಒಂದು ಪಾಲು ಎಥನಾಲ್. ಅಷ್ಟೇ ಗಾಳಿಗೆ ಅದು ಜಾಸ್ತಿ ಬೇಕು. ಪೆಟ್ರೋಲ್ ಬಿಡೋ ನಿನ್ನ ಜೆಟ್ ಹಳೇ ಪೆಟ್ರೋಲ್ ಅಳತೇದು. ತೂತು ಸಾಲದು.’

‘ಹಸಿವು ಅನ್ನೋ ಮಾತು ನಿನಗೆ ಹೇಳಿಕೊಟ್ಟೋರು ಯಾರು?’

ಪೇಂಟರ್ ಕಿಸಕ್ಕೆಂದ. ಅವಳು ಬಾನೆಟ್ ಎತ್ತಿದಳು.

ಒಳಗೆ ಎಲ್ಲ ಥಳಥಳ. ಬ್ಯಾಟರಿಯ ತಲೆಯ ಮೇಲೆ ಗ್ರೀಸಿನ ತೆಳು ಪದರ, ತಂತಿಗಳಿಗೆ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿದ ರೀತಿ. ಆ ಗಂಟು ಅವಳಿಗೆ ಬೂಟಿನ ಲೇಸು ಕಟ್ಟುವುದಕ್ಕಿಂತ ಮೊದಲೇ ಬರುತ್ತಿತ್ತು. ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ಶಾಲೆ, ಕಾಲೇಜು ಮುಗಿಸಿ ಬಂದು ಅಪ್ಪನ ರಿಪೇರಿ ಅಂಗಡಿಯಲ್ಲಿ ಅವನ ಪಕ್ಕ ನಿಂತಿದ್ದಳು. ತಮ್ಮ ಎಂದೂ ನಿಂತವನಲ್ಲ, ಅವನಿಗೆ ಗ್ರೀಸ್ ಕಂಡರೆ ವಾಕರಿಕೆ. ಆದರೂ ಅಂಗಡಿ ತಮ್ಮನಿಗೆ ಹೋಯಿತು. ಅದು ಅವಳಿಗೆ ತಿಳಿದದ್ದು ಹೊಸ ಬೋರ್ಡ್ ಬರೆಯಲು ಬಂದವನಿಂದ. ಒಳಗೆ ಹೋಗಿ ಕೇಳಿದಾಗ ಅಪ್ಪ ಯಾರದೋ ಕಾರ್ಬುರೇಟರಿನ ಮೇಲೆ ಬಗ್ಗಿದ್ದ. ತಲೆ ಎತ್ತದೆ, ‘ಹೆಣ್ಣುಮಗಳು, ಎಷ್ಟು ದಿನ ಅಂತ ಕೈ ಮಸಿ ಮಾಡ್ಕೊಂಡಿರ್ತೀಯ’ ಅಂದ. ಹೇಳುತ್ತ ಹೇಳುತ್ತಲೇ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ಕೇಳಿ, ‘ಹಾಂ, ಈಗ ಸರಿಯಾಯ್ತು’ ಅಂದ. ಆ ಸರಿಯಾಯ್ತು ಎಂಜಿನ್ನಿಗೆ ಹೇಳಿದ್ದೋ ಅವಳಿಗೋ! ಈಗ ತಮ್ಮ ಆ ಅಂಗಡಿಯಲ್ಲಿ ಸೀಟ್ ಕವರ್ ಮಾರುತ್ತಾನೆ, ಸ್ಟೇರಿಂಗಿಗೆ ಸುತ್ತುವ ಉಣ್ಣೆ ಮಾರುತ್ತಾನೆ, ಗಾಜಿಗೆ ಅಂಟಿಸುವ ಹುಲಿಯ ಮುಖ ಮಾರುತ್ತಾನೆ. ಅಪ್ಪ ಮನೆಯ ಮೆಟ್ಟಿಲ ಕೆಳಗೆ ಡಬ್ಬಿ ಇಟ್ಟುಕೊಂಡು, ಇನ್ನೂ ಬಿಡದೆ ಬರುವ ಮೂರು ನಾಲ್ಕು ಹಳೆ ಗಿರಾಕಿಗಳ ಗಾಡಿ ನೋಡುತ್ತಾನೆ. ಎದ್ದರೆ ಮೆಟ್ಟಿಲಿಗೆ ತಲೆ ಬಡಿಯುತ್ತದೆ. ಬಡಿದಾಗಲೂ ಅವಳಿಗೆ ಬೇಕಾಗಿದ್ದ ಮಾತು ಒಂದು ದಿನ ಅವನ ಬಾಯಿಂದ ಬಂದದ್ದಿಲ್ಲ. ಅವಳಿಗೆ ಅಂಗಡಿ ಬೇಡವಾಗಿತ್ತು, ಈಗಂತೂ ಬೇಡವೇ ಬೇಡ. ಎರಡೇ ಎರಡು ಮಾತು ಬೇಕಾಗಿತ್ತು: ತಪ್ಪು ನಂದು. ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು, ಅವನ ದನಿಯಲ್ಲಿ, ಅವನ ಹಾಗೆ ಮೂಗೇರಿಸಿ, ತಾನೇ ಹೇಳಿಕೊಂಡು ಕೇಳಿದ್ದಾಳೆ.

ಕಾರ್ಬುರೇಟರಿನ ಕಾರಿಗೆ ಕಂಪ್ಯೂಟರ್ ಸಿಕ್ಕಿಸುವಂತಿಲ್ಲ. ಕಪಾಟಿನ ಮೇಲಿನಿಂದ ಹಳೆಯ ಕೈಮೀಟರನ್ನು ಇಳಿಸಿ, ಧೂಳು ಒರೆಸಿ, ಅದರ ಸಲಾಕೆಯನ್ನು ಸೈಲೆನ್ಸರ್ ಬಾಯಿಗೆ ತೂರಿಸಿದಳು. ಹದಿನಾರು ತೋರಿಸಿತು. ಬರೀ ಪೆಟ್ರೋಲಾದರೆ ಒಂದು ಪಾಲಿಗೆ ಹದಿನಾಲ್ಕು ಪಾಯಿಂಟ್ ಏಳು ಪಾಲು ಗಾಳಿ ಬೇಕು, ಅದು ಹದ. ಈ ಬೆರಕೆಗೆ ಹದಿಮೂರೂವರೆ ಸಾಕು. ಹಾಗಿದ್ದರೆ ಹದಿನಾರು ಎಂದರೆ ಎಂಜಿನ್ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಓಡುತ್ತಿದೆ ಎಂದೇ ಅರ್ಥ. ಜೆಟ್ ಬಿಚ್ಚಿ ಎರಡು ಅಳತೆ ದೊಡ್ಡದನ್ನು ಹಾಕಿದಳು. ಮತ್ತೆ ಶುರು ಮಾಡಿ ಮಿಶ್ರಣದ ಸ್ಕ್ರೂವನ್ನು ಹೊರಗೆ ಬಿಡುತ್ತ ಬಂದಳು; ಹೊರಗೆ ಬಿಟ್ಟಷ್ಟೂ ಪೆಟ್ರೋಲ್ ಹೆಚ್ಚು. ಹದಿನೈದೂವರೆ. ಹದಿನೈದು. ಬೆನ್ನ ಹಿಂದೆ ಅಪ್ಪ ಲೊಚ್ಚೆಂದ. ಅವನು ಲೊಚಗುಟ್ಟುವುದು ಅವಳ ಕತ್ತಿನ ಹಿಂಭಾಗಕ್ಕೆ ಗೊತ್ತು. ಅಲ್ಲಿನ ಕೂದಲು ನಿಲ್ಲುತ್ತದೆ. ಹದಿನಾಲ್ಕು ಪಾಯಿಂಟ್ ಏಳಕ್ಕೆ ಬಂದಾಗ ಎಂಜಿನ್ ಮೆತ್ತಗಾಯಿತು, ತೊಟ್ಟಿಲಲ್ಲಿ ಮಗು ಮಗ್ಗುಲು ಬದಲಿಸಿ ಸುಮ್ಮನಾದ ಹಾಗೆ. ಅಲ್ಲೇ ನಿಲ್ಲಿಸು ಎಂದಿತು ಕೈ. ಮತ್ತೆ ಲೊಚ್. ‘ಆಯ್ತಲ್ಲ ಬಿಡು,’ ಅಂದ ಅಪ್ಪ. ಅವನು ಆಯ್ತು ಎಂದದ್ದಕ್ಕೇ ಅವಳು ಇನ್ನೂ ಬಿಟ್ಟಳು. ಹದಿನಾಲ್ಕು. ಹದಿಮೂರೂವರೆ.

ಅಪ್ಪ ಹಿಂದಕ್ಕೆ ಹೋಗಿ ಸೈಲೆನ್ಸರಿನ ಬಳಿ ಕುಕ್ಕರುಗಾಲಲ್ಲಿ ಕೂತ. ಬೊಗಸೆಯಲ್ಲಿ ನೀರು ಮೊಗೆಯುವಂತೆ ಹೊಗೆಯನ್ನು ಮೊಗೆದು ಮೂಗಿಗೆ ಹಿಡಿದ. ಒಂದು ಸಲ. ಇನ್ನೊಂದು ಸಲ.

‘ಅಜೀರ್ಣ,’ ಅಂದ.

‘ಏನು?’

‘ತುರುಕಿಬಿಟ್ಟಿದ್ದೀಯ ಕಣೆ. ಕಣ್ಣು ಉರೀತಿದೆ ನೋಡು. ಅದು ಬೇಡ ಬೇಡ ಅಂತಿದ್ರೂ ತುರುಕಿದ್ದೀಯ, ಥೇಟ್ ನಿಮ್ಮಮ್ಮನ ಹಾಗೆ.’

ಈ ಸಲ ಯಜಮಾನರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಮೀಟರನ್ನು ಅವನ ಮುಖದ ಮುಂದೆ ಹಿಡಿದಳು. ‘ನೋಡು. ಹದಿಮೂರೂವರೆ. ಈ ಪೆಟ್ರೋಲಿಗೆ ಎಷ್ಟಿರಬೇಕೋ ಅಷ್ಟು. ಕೂದಲಷ್ಟು ಆಚೆ ಇಲ್ಲ, ಈಚೆ ಇಲ್ಲ. ನಿನ್ನ ಮೂಗಿದೆಯಲ್ಲ, ಅದು ಹಳೇ ಪೆಟ್ರೋಲ್ ಮೂಗು. ಹೊಸದು ಬಂದಿದೆ ಅಂತ ಅದಕ್ಕೆ ಗೊತ್ತೇ ಇಲ್ಲ. ಗೊತ್ತಿರೋದನ್ನೇ ಮೂಸ್ತಾ ಕೂತಿದೆ.’

ಯಾರೂ ನಗಲಿಲ್ಲ. ಪೇಂಟರ್ ತನ್ನ ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದ. ಅಪ್ಪ ಕೂತಲ್ಲೇ ಕೂತು ಮೂಗಿನ ತುದಿಯನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿಕೊಂಡ. ಆಮೇಲೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ತನ್ನ ಬೆರಳನ್ನೇ ಮೂಸಿದ. ಅವಳು ನೋಡಿದಳು. ಒಳಗೆ ಎಲ್ಲೋ ಒಂದು ಕಡೆ ಹಾಯೆನಿಸಿತು, ಗಾಯದ ಹಕ್ಕಳೆ ಕಿತ್ತಾಗ ಆಗುವಂಥ ಹಾಯಿ.

‘ಪ್ಲಗ್ ಬಿಚ್ಚಿ ನೋಡಿದ್ರೆ ಗೊತ್ತಾಗತ್ತೆ,’ ಅಂದ, ಮೆಲ್ಲಗೆ. ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಹಸಿವು, ಕರ್ರಗಿದ್ದರೆ ಅಜೀರ್ಣ, ಬಿಸ್ಕತ್ತಿನ ಬಣ್ಣವಾದರೆ ಸರಿ. ಅವನು ಯಾವಾಗಲೂ ಜೇಬಿನಲ್ಲಿ ಪ್ಲಗ್ ಬಿಚ್ಚುವ ಪಾನಾ ಇಟ್ಟುಕೊಂಡೇ ಓಡಾಡುವವನು.

‘ಟೈಮಿಲ್ಲ. ನಡಿ.’

ದಾರಿಯಲ್ಲಿ ಕಾರು ಎಷ್ಟು ಚೆನ್ನಾಗಿ ಎಳೆಯಿತೆಂದರೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಒಂದು ಮುಗ್ಗರಿಕೆ ಇಲ್ಲ, ಒಂದು ಸೀನಿಲ್ಲ. ಮೇಲ್ಸೇತುವೆಯ ಏರನ್ನು ಮೂರನೆಯ ಗೇರಿನಲ್ಲೇ ಹತ್ತಿತು. ಅಪ್ಪ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದ. ‘ನೋಡು ಹೇಗೆ ಎಳೀತಿದೆ,’ ಅಂದಳು. ‘ಹೂಂ, ಎಳೀತಿದೆ,’ ಅಂದ. ಅಷ್ಟೇ. ಇದೇ ಕಾರಿನಲ್ಲಿ ಹೋದ ಭಾನುವಾರ ಅವಳ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಂಜಿನ್ ಕೇಳಿಸಿ, ಹಸಿವೋ ಅಜೀರ್ಣವೋ ಎಂದು ಪರೀಕ್ಷೆ ಮಾಡಿದ್ದ. ಆರು ವರ್ಷದ ಹುಡುಗಿ ಕಣ್ಣು ಮುಚ್ಚಿ ಹಸಿವು ಅಂದಳು. ‘ನಿಮ್ಮಮ್ಮನಿಗಿಂತ ನಿನ್ನ ಕಿವಿ ಚುರುಕು ಕಣೋ ಮರಿ!’ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡ ಅವಳು ಕೈಲಿದ್ದ ಪಾತ್ರೆಯನ್ನು ಮೂರು ಸಲ ತೊಳೆದಿದ್ದಳು. ಆ ಹುಡುಗಿಗೂ ಒಂದು ದಿನ ಕೈ ಮಸಿಯಾಯಿತು ಅನ್ನುತ್ತಾನೆಯೇ? ಅನ್ನಲಿ ನೋಡೋಣ. ಕೆಂಪು ದೀಪಕ್ಕೆ ಕಾರು ನಿಂತಾಗ ಕಣ್ಣು ಚುರ್ರೆಂದಿತು. ನಿಜಕ್ಕೂ ಚುರ್ರೆಂದಿತು. ಮುಂದಿನ ಬಸ್ಸಿನ ಹೊಗೆಯಿರಬೇಕು ಎಂದು ಗಾಜು ಏರಿಸಿಕೊಂಡಳು.

ಪರೀಕ್ಷೆಯ ಜಾಗದಲ್ಲಿ ಹನ್ನೊಂದು ಕಾರುಗಳ ಸಾಲು. ಎಲ್ಲವೂ ಹಳೆಯವು, ಎಲ್ಲದರ ಪಕ್ಕ ಒಬ್ಬೊಬ್ಬ ಮುದುಕ, ಆಸ್ಪತ್ರೆಯ ಹೊರಗೆ ಹೆಂಡತಿಯರನ್ನು ಕರೆತಂದು ಕಾಯುವವರಂತೆ. ಸರದಿ ಬಂದಾಗ ಅಪ್ಪ ಕಾರನ್ನು ಗೆರೆಯ ಮೇಲೆ ತಂದು ನಿಲ್ಲಿಸಿ ಇಳಿದ. ಒಬ್ಬ ಹಿಂದಿನಿಂದ ಕೊಳವೆ ತೂರಿಸಿದ. ಗಾಜಿನ ಕೋಣೆಯೊಳಗೆ ಯಂತ್ರ ಕಿರ್ರೆಂದು ಚೀಟಿ ಕಕ್ಕಿತು. ‘ಫೇಲ್. ಮುಂದಿನೋರು,’ ಅಂದ ಒಳಗಿನವನು, ಅವಳ ಮುಖ ನೋಡದೆ. ‘ನಾಲ್ಕು ಗಂಟೆ ಒಳಗೆ ಸರಿ ಮಾಡ್ಕೊಂಡು ಬಂದ್ರೆ ಇನ್ನೊಂದ್ಸಲ ನೋಡ್ತೀವಿ ಮೇಡಂ.’

ಚೀಟಿ ಬೆಚ್ಚಗಿತ್ತು. ವಿಷದ ಹೊಗೆ ಮಿತಿಯ ಎರಡರಷ್ಟು. ಅದರ ಕೆಳಗೆ ಗಾಳಿಯ ಪ್ರಮಾಣ: ಒಂದು ಇದ್ದರೆ ಸರಿಸಮ, ಒಂದಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಹೆಚ್ಚು. ಸೊನ್ನೆ ಪಾಯಿಂಟ್ ಒಂಬತ್ತು ಎರಡು ಎಂದಿತ್ತು. ಅಜೀರ್ಣ. ಅವಳು ಆ ಅಂಕಿಯನ್ನೇ ನೋಡಿದಳು. ಎಲ್ಲಿಂದ ಬಂತು ಇದು? ಹದಿಮೂರೂವರೆಯನ್ನು ಹದಿನಾಲ್ಕು ಪಾಯಿಂಟ್ ಏಳರಿಂದ ಭಾಗಿಸಿದರೆ ಬರುವುದು ಇದೇ ಅಲ್ಲವೇ. ಮೀಟರಿಗೆ ಟ್ಯಾಂಕಿನಲ್ಲಿ ಏನಿದೆ ಎಂದು ಗೊತ್ತಿಲ್ಲ. ಅದು ಹೊಗೆಯಲ್ಲಿ ಗಾಳಿ ಹೆಚ್ಚೋ ಕಡಿಮೆಯೋ ಎಂದಷ್ಟೇ ನೋಡುತ್ತದೆ. ನೋಡಿ, ಅಭ್ಯಾಸಬಲದಿಂದ ಹದಿನಾಲ್ಕು ಪಾಯಿಂಟ್ ಏಳರಿಂದ ಗುಣಿಸಿ ಹೇಳುತ್ತದೆ. ಯಾವ ಬೆರಕೆ ಹಾಕಿದರೂ ಹದ ಬಂದಾಗ ಅದು ತೋರಿಸುವುದು ಹದಿನಾಲ್ಕು ಪಾಯಿಂಟ್ ಏಳನ್ನೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನ, ಮೊದಲ ಗಂಟೆಯಲ್ಲಿ ಅವಳೇ ಹೇಳಿಕೊಡುವ ಪಾಠ ಇದು. ಬೆನ್ನ ಹಿಂದೆ ಎರಡು ಲೊಚ್ಚಿಗೆ ಮರೆತುಹೋಯಿತು. ಎಂಜಿನ್ ಮೆತ್ತಗಾದಾಗ, ಅಪ್ಪ ಆಯ್ತು ಅಂದಾಗ, ಆಗಿತ್ತು. ಹಳೇ ಪೆಟ್ರೋಲಿನ ಮೂಗು ಇದ್ದದ್ದು ಮೀಟರಿಗೆ. ಗೊತ್ತಿರುವುದನ್ನೇ ಮೂಸುತ್ತ ಕೂತಿದ್ದದ್ದು ಅದು. ಎಲ್ಲರ ಮುಂದೆ ಅವನ ಮೂತಿಗೆ ಹಿಡಿದು ತೋರಿಸಿದಳಲ್ಲ, ಅದು.

ಕಿಟಕಿಯಿಂದ ಕಾರಿಗೆ ಹದಿನೈದು ಹೆಜ್ಜೆ. ಹೇಳಿಬಿಡುವುದು ಎಂದುಕೊಂಡಳು. ಏನಂತೆ, ಮನುಷ್ಯರಾದವರಿಗೆ ಮರೆವಿರುವುದಿಲ್ಲವೇ? ಐದನೆಯ ಹೆಜ್ಜೆಗೆ ವಾಕ್ಯ ಸಿದ್ಧವಾಗಿತ್ತು. ಹತ್ತನೆಯ ಹೆಜ್ಜೆಗೆ ಅಪ್ಪ ಮಡ್‌ಗಾರ್ಡಿಗೆ ಒರಗಿ ನಿಂತು, ಅವಳ ಮುಖ ನೋಡಿ, ನಕ್ಕ. ಮೂಗಿನ ಒಂದು ಹೊಳ್ಳೆ ಮಾತ್ರ ಏರುವ ಆ ನಗು.

‘ನಾನು ಹೇಳಿದ್ನಲ್ಲ,’ ಅಂದ, ಇನ್ನೂ ಅವಳು ಬಾಯಿ ಬಿಡುವ ಮೊದಲೇ. ‘ಅಜೀರ್ಣ ತಾನೆ, ಮೀಟರಮ್ಮ?’

‘ಹಸಿವು,’ ಅಂದಳು.

ತನ್ನ ದನಿ ಎಷ್ಟು ಸಹಜವಾಗಿತ್ತೆಂದು ಅವಳಿಗೇ ಆಶ್ಚರ್ಯವಾಯಿತು. ‘ಇನ್ನೂ ಹಸಿದಿದೆಯಂತೆ. ನಾನು ಹಾಕಿದ್ದೂ ಸಾಲಲಿಲ್ಲ.’

ನಗು ಒಮ್ಮೆಲೇ ಹೋಗಲಿಲ್ಲ. ಹೊಳ್ಳೆ ಮೊದಲು ಇಳಿಯಿತು, ಆಮೇಲೆ ತುಟಿ. ಅಪ್ಪನ ಬಲಗೈ ಅಂಗಿಯ ಜೇಬಿಗೆ ಹೋಯಿತು. ಪ್ಲಗ್ ಪಾನಾದ ತಲೆ ಹೊರಬಂತು. ಬಿಚ್ಚು, ಎಂದುಕೊಂಡಳು, ಹಲ್ಲು ಕಚ್ಚಿ ಹಾಗೆಂದುಕೊಂಡಳು. ಬಿಚ್ಚಿ ನೋಡು. ಕಾಡಿಗೆಯಷ್ಟು ಕರ್ರಗಿರುತ್ತದೆ. ನೋಡಿ ನನ್ನ ಮುಖದ ಮೇಲೆ ಎಸಿ, ಇಲ್ಲೇ, ಈ ಮುದುಕರ ಮುಂದೆಯೇ ನನ್ನ ಕೈಯನ್ನು ಮತ್ತೆ ಎಂಜಿನ್ ಮೇಲೆ ಒತ್ತು. ಈ ಸಲ ಸುಡುತ್ತದೆ. ಅಪ್ಪ ಪಾನಾವನ್ನು ಒಂದು ಗಳಿಗೆ ಹಿಡಿದುಕೊಂಡಿದ್ದು, ವಾಪಸ್ಸು ಜೇಬಿಗಿಳಿಸಿದ.

‘ನೀನು ಹೇಳಿದ ಮೇಲೆ ಬಿಚ್ಚೋದೇನಿದೆ,’ ಅಂದ. ‘ಎಂಜಿನ್ ವಿಷಯ.’

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು. ಅವನು ಕೇಳಲಿಲ್ಲ. ಅಂಥ ಚೀಟಿಗಳನ್ನು ಅವನು ಎಂದೂ ಓದಿದವನಲ್ಲ.

‘ಹಾಗಾದ್ರೆ ಮೂಗು ಹೋಯ್ತು ಅಂತಾಯ್ತು,’ ಅಂದ ಅಪ್ಪ. ‘ಆರು ತಿಂಗಳಿಂದ ಅನುಮಾನ ಇತ್ತು ಕಣಮ್ಮ. ಎರಡು ಸಲ ಫೇಲಾದಾಗಲೇ ಅಂದ್ಕೊಂಡೆ. ನಿಮ್ಮಮ್ಮನ ಹತ್ರಾನೂ ಹೇಳಿರ್ಲಿಲ್ಲ. ಅಲ್ಲಿ ಅಷ್ಟು ಜನರ ಮುಂದೆ ಬೇರೆ ಬಾಯಿ ಹಾಕಿದೆ. ತಪ್ಪು ನಂದು.’

ಬಂತು. ಸ್ನಾನದ ಮನೆಯಲ್ಲಿ ಅವಳು ಅಭ್ಯಾಸ ಮಾಡಿದ ದನಿಯಲ್ಲಿ ಬರಲಿಲ್ಲ. ಮೂಗೇರಿಸದೆ, ಹವಾಮಾನದ ಮಾತಾಡುವ ಹಾಗೆ, ಪಕ್ಕದ ಕಾರಿನ ಚಕ್ರ ನೋಡುತ್ತ ಹೇಳಿದ. ಇಷ್ಟು ಸುಲಭವಿತ್ತೇ? ಇಷ್ಟು ಸುಲಭವಿದ್ದದ್ದನ್ನು ಇಪ್ಪತ್ತೆರಡು ವರ್ಷ ಬಚ್ಚಿಟ್ಟುಕೊಂಡಿದ್ದೆಯಾ? ಸಿಟ್ಟು ಇಳಿಯಬೇಕಾಗಿತ್ತು. ಇಳಿಯುವುದಿರಲಿ, ಅವನ ಕಾಲರ್ ಹಿಡಿದು ಅಲುಗಿಸಿ, ಇದಕ್ಕಲ್ಲ, ಇದಕ್ಕಲ್ಲ ನೀನು ಹೇಳಬೇಕಾಗಿದ್ದದ್ದು, ಎಂದು ಕಿರುಚಬೇಕೆನಿಸಿತು.

‘ಇನ್ನು ಆ ನಾಲ್ಕು ಗಿರಾಕಿಗಳಿಗೂ ಬೇರೆ ಕಡೆ ಹೋಗಿ ಅಂದ್ಬಿಡ್ತೀನಿ,’ ಅಂದ. ‘ಗೊತ್ತಾಗದೆ ಯಾರದ್ದೋ ಎಂಜಿನ್ ಸುಟ್ಟುಬಿಟ್ರೆ ಕಷ್ಟ.’ ಇನ್ನೊಂದು ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಮರದ ಹಿಡಿ ಅವನ ಹೆಬ್ಬೆರಳಿನ ಆಕಾರಕ್ಕೇ ಸವೆದಿತ್ತು. ಅದನ್ನು ಮಡ್‌ಗಾರ್ಡಿನ ಮೇಲೆ, ಉರುಳದ ಹಾಗೆ, ಅಡ್ಡಲಾಗಿ ಇಟ್ಟ. ‘ನೀನೇ ಮಾಡು. ನಾನು ಅಲ್ಲಿ ಕೂತಿರ್ತೀನಿ. ಹತ್ರ ನಿಂತ್ರೆ ಬಾಯಿ ಸುಮ್ನಿರಲ್ಲ.’

ಅವನು ಹೋಗಿ ಸಿಮೆಂಟ್ ಬೆಂಚಿನ ಮೇಲೆ ಕೂತ. ಕಾರಿಗೆ ಬೆನ್ನು ಹಾಕಿ ಕೂತ. ಈಗ ಹೇಳಬಹುದಾಗಿತ್ತು, ಇಪ್ಪತ್ತು ಹೆಜ್ಜೆ ಅಷ್ಟೇ. ಅವಳು ಬಾನೆಟ್ ಎತ್ತಿ, ಎಂಜಿನ್ ಶುರು ಮಾಡಿ, ಸ್ಕ್ರೂವನ್ನು ಒಳಕ್ಕೆ ತಿರುಗಿಸಿದಳು. ಹಸಿದಿದೆ ಎಂದು ಹೇಳಿದ ಎಂಜಿನ್ನಿನ ಅನ್ನವನ್ನು ಕಾಲು ಸುತ್ತು ಕಡಿಮೆ ಮಾಡಿದಳು, ಇನ್ನೂ ಕಾಲು ಸುತ್ತು, ಅದು ವರ್ಕ್‌ಶಾಪಿನಲ್ಲಾದ ಹಾಗೆ ಮೆತ್ತಗಾಗುವವರೆಗೆ. ಹಿಡಿ ಅವಳ ಹೆಬ್ಬೆರಳಿಗೆ ಒಗ್ಗಲಿಲ್ಲ, ಜಾರುತ್ತಿತ್ತು. ಎಂಜಿನ್ ಮೆತ್ತಗಾದಾಗ ಬೆಂಚಿನ ಮೇಲಿದ್ದ ಅಪ್ಪನ ತಲೆ ಸ್ವಲ್ಪ ವಾಲಿತು, ಕೇಳಿಸಿಕೊಂಡವನಂತೆ. ಆಮೇಲೆ ಅವನು ತಾನೇ ಅದನ್ನು ನೆಟ್ಟಗೆ ಮಾಡಿಕೊಂಡ. ದೊಡ್ಡ ಜೆಟ್ಟನ್ನು ಇನ್ನೊಂದು ದಿನ ಬದಲಾಯಿಸಬೇಕು, ಅವನು ಮನೆಯಲ್ಲಿಲ್ಲದಾಗ.

ಮೂರೂ ಮುಕ್ಕಾಲಿಗೆ ಎರಡನೆಯ ಚೀಟಿ ಬಂತು. ಒಂದು ಪಾಯಿಂಟ್ ಸೊನ್ನೆ ಸೊನ್ನೆ. ಪಾಸ್. ಒಳಗಿನವನು ಗಾಜಿನ ಮೇಲೆ ಅಂಟಿಸುವ ಹಸಿರು ಚೀಟಿ ಕೊಟ್ಟು, ‘ಒಳ್ಳೇ ಕೈ ಮೇಡಂ’ ಅಂದ.

ಅಪ್ಪ ಎದ್ದು ಬಂದ. ಬಂದವನು ಡ್ರೈವರ್ ಸೀಟಿನ ಕಡೆ ಹೋಗದೆ, ಸುತ್ತಿ ಬಂದು ಪಕ್ಕದ ಬಾಗಿಲು ತೆಗೆದು ಕೂತ. ಅವಳು ಸ್ಟೇರಿಂಗ್ ಹಿಡಿದಳು. ಗೇಟು ದಾಟಿ ಕಾರನ್ನು ರಸ್ತೆಗೆ ಇಳಿಸಿದಳು.

‘ಎಷ್ಟು ಬಿಟ್ಟೆ?’ ಎಂದು ಕೇಳಿದ.

‘ಅರ್ಧ ಸುತ್ತು.’

‘ಹೊರಕ್ಕೆ?’

‘ಹೊರಕ್ಕೆ,’ ಅಂದಳು.

ಅಪ್ಪ ತಲೆಯಾಡಿಸಿ ಕಿಟಕಿಯ ಗಾಜು ಏರಿಸಿಕೊಂಡ. ಹನ್ನೊಂದನೆಯ ವಯಸ್ಸಿನಲ್ಲಿ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.